ಶನಿವಾರದ ಬಿರುಕು

ನನ್ನ ಸೊಸೆ ವೇಣಿ ಬಸುರಿಯಿರಬೇಕು ಎಂದು ನನಗೆ ಅನುಮಾನ ಬಂದದ್ದು ಬಚ್ಚಲಮನೆಯಿಂದ ಕೇಳಿದ ವಾಂತಿಯ ಸದ್ದಿನಿಂದ. ಆ ಅನುಮಾನ ಬಹಳ ದಿನ ಬಾಳಲಿಲ್ಲ. ಅವಳು ವಾಂತಿ ಮಾಡುತ್ತಿದ್ದದ್ದು ರೇಸ್ ಇರುವ ವಾರದ ಶನಿವಾರ ಬೆಳಿಗ್ಗೆ ಮಾತ್ರ. ವಾರ ನೋಡಿಕೊಂಡು ವಾಂತಿ ಮಾಡುವ ಬಸುರಿಯನ್ನು ನಾನಂತೂ ಕಂಡಿಲ್ಲ. ಭಾನುವಾರ, ನಿಜವಾದ ಓಟದ ದಿನ, ಅದೇ ಹುಡುಗಿ ಒಗ್ಗರಣೆ ಮಂಡಕ್ಕಿಯ ತಟ್ಟೆ ಖಾಲಿ ಮಾಡಿ, ಎರಡು ಬಜ್ಜಿ ತಿಂದು, ಹೆಲ್ಮೆಟ್ ಹಿಡಿದುಕೊಂಡು ಹೊರಡುತ್ತಿದ್ದಳು.

ಅನುಮಾನ ನನ್ನ ಹುಟ್ಟುಗುಣ, ಅದಕ್ಕೆ ನಾನು ನಾಚುವವಳಲ್ಲ. ಚಳ್ಳಕೆರೆಯ ಕಾಲೇಜಿನಲ್ಲಿ ನಿವೃತ್ತಿಯಾಗುವವರೆಗೂ ಭೌತಶಾಸ್ತ್ರ ಕಲಿಸಿದವಳು ನಾನು, ಸರ್ವಮಂಗಳ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಉತ್ತರ ಮೊದಲು ಬರೆದು ಆಮೇಲೆ ಅದಕ್ಕೆ ತಕ್ಕ ರೀಡಿಂಗ್ ಹೊಂದಿಸುವ ಹುಡುಗರನ್ನು ವರ್ಷಗಟ್ಟಲೆ ನೋಡಿದ್ದೇನೆ. ಲೆಕ್ಕ ಅತಿ ಚೆನ್ನಾಗಿ ಕೂಡಿ ಬಂದಾಗಲೆಲ್ಲ ಎಲ್ಲೋ ಮೋಸವಿದೆ ಎಂದು ನನ್ನ ಮೂಗಿಗೆ ಬಡಿಯುತ್ತದೆ. ಆ ವರ್ಷ ನನ್ನ ಮಗ ತಿಪ್ಪೇಶನ ಲೆಕ್ಕ ಅತಿ ಚೆನ್ನಾಗಿ ಕೂಡಿ ಬರುತ್ತಿತ್ತು. ಮೇಲಿಂದ ಮೇಲೆ ಗೆಲ್ಲುತ್ತಿದ್ದ.

ಕಾರು ಓಟದ ಗಂಧವಿಲ್ಲದವರಿಗೆ ಇಷ್ಟು ಹೇಳಿಬಿಡುತ್ತೇನೆ. ಹಿಂದೆ ಈ ಓಟದಲ್ಲಿ ಪ್ರತಿಯೊಂದಕ್ಕೂ ನಿಯಮವಿತ್ತು. ಹಿಂದಿನ ರೆಕ್ಕೆ ಇಷ್ಟೇ ಅಗಲ, ತಳ ನೆಲದಿಂದ ಇಷ್ಟೇ ಎತ್ತರ, ಎಂಜಿನ್ ಇಂಥದ್ದೇ ಎಂದು. ಹೀಗಾಗಿ ಕಾರುಗಳೆಲ್ಲ ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಗಳಂತಾಗಿ, ನೋಡುವ ಜನಕ್ಕೆ ಬೇಸರ ಬಂತು. ಆಗ ಸಂಘಟಕರು ನಿಯಮದ ಪುಸ್ತಕವನ್ನೇ ಮೂಲೆಗೆ ಎಸೆದು 'ಮುಕ್ತ ವಿನ್ಯಾಸ' ಸರಣಿ ಶುರುಮಾಡಿದರು. ಯಾರು ಏನನ್ನು ಬೇಕಾದರೂ ಕಟ್ಟಿಕೊಂಡು ಬರಬಹುದು. ಮೂರು ಗಾಲಿಯಾದರೂ ಸರಿ, ಆರು ಗಾಲಿಯಾದರೂ ಸರಿ. ಒಂದೇ ಷರತ್ತು, ಮೊಹರು ಮಾಡಿದ ಒಂದು ಪೆಟ್ಟಿಗೆಯನ್ನು ಕಾರಿನಲ್ಲಿ ಇಟ್ಟುಕೊಳ್ಳಬೇಕು. ಎಲ್ಲರೂ ಅದನ್ನು ತಕ್ಕಡಿ ಎನ್ನುತ್ತಿದ್ದರು. ಶನಿವಾರ ಪ್ರತಿ ಕಾರೂ ಒಂಟಿಯಾಗಿ ಕೆಲವು ಸುತ್ತು ಓಡಬೇಕು. ತಕ್ಕಡಿ ಅದರ ವೇಗ ಅಳೆದು, ಚುರುಕಾದ ಕಾರಿನ ಎಂಜಿನ್ ಶಕ್ತಿಯನ್ನು ತಗ್ಗಿಸಿ, ಮಂದ ಕಾರಿಗೆ ಹೆಚ್ಚಿಸಿ, ಎಲ್ಲರನ್ನೂ ಸಮ ಮಾಡುತ್ತದೆ. ಭಾನುವಾರ ಆ ಅಳತೆಗೆ ಬೀಗ ಬೀಳುತ್ತದೆ. ಆಮೇಲೆ ಯಾರೂ ಅದನ್ನು ಬದಲಿಸುವಂತಿಲ್ಲ.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ ನಾವು. ಮೊದಲ ವರ್ಷವೇ ಎಲ್ಲರೂ ಶನಿವಾರ ಬೇಕೆಂದೇ ಆಮೆಯ ಹಾಗೆ ಓಡಿಸಿ, ಭಾನುವಾರ ಬಾಣದ ಹಾಗೆ ಹೊರಟರು. ಪೆಟ್ಟಿಗೆ ಮಾಡುವ ಕಂಪನಿಯವರು ಸುಮ್ಮನಿರಲಿಲ್ಲ. ಚಾಲಕರಿಗೆ ಒಂದು ಎದೆಪಟ್ಟಿ, ಒಂದು ಜೊತೆ ಕೈಗವಸು ಕೊಟ್ಟರು. ಎದೆಬಡಿತ, ಉಸಿರು, ಅಂಗೈ ಬೆವರು, ಹಿಡಿತದ ಬಿಗಿ ಎಲ್ಲವೂ ತಕ್ಕಡಿಗೆ ಹೋಗುತ್ತದೆ. ಚಾಲಕ ಆರಾಮಾಗಿದ್ದುಕೊಂಡು ನಿಧಾನವಾಗಿ ಓಡಿಸುತ್ತಿದ್ದರೆ ಕಳ್ಳಾಟ ಎಂದರ್ಥ, ಶಕ್ತಿ ಕಡಿತ. ಜೀವ ಕೈಯಲ್ಲಿ ಹಿಡಿದುಕೊಂಡೂ ನಿಧಾನವಾಗಿ ಹೋಗುತ್ತಿದ್ದರೆ ಪಾಪ, ಕಾರೇ ಅಷ್ಟು ಎಂದರ್ಥ, ಶಕ್ತಿ ಹೆಚ್ಚಳ. 'ಮೈ ಸುಳ್ಳು ಹೇಳುವುದಿಲ್ಲ' ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದರು. ನನಗೆ ಆಗಲೇ ಗುಮಾನಿ. ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡ ಮಗುವಿಗೆ ಜ್ವರವಿದೆಯೋ, ಈಗಷ್ಟೇ ಬಿಸಿ ಹಾಲು ಕುಡಿದು ಬಂದಿದೆಯೋ, ಥರ್ಮಾಮೀಟರಿಗೇನು ಗೊತ್ತು?

ನನ್ನ ಗಂಡ ಕಟ್ಟಿಸಿದ್ದ ಶೇಂಗಾ ಎಣ್ಣೆ ಮಿಲ್ಲು ಅವರು ಹೋದ ಮೇಲೆ ಬಾಗಿಲು ಹಾಕಿತ್ತು. ತಿಪ್ಪೇಶ ಅದನ್ನೇ ವರ್ಕ್‌ಶಾಪ್ ಮಾಡಿಕೊಂಡ. ಎಷ್ಟು ಸುಣ್ಣ ಹೊಡೆಸಿದರೂ ಗೋಡೆಯಿಂದ ಎಣ್ಣೆ ಹಿಂಡಿಯ ವಾಸನೆ ಹೋಗಿರಲಿಲ್ಲ. ಊರಾಚೆಯ ಬಯಲಿನಲ್ಲಿ, ಗಾಳಿಯಂತ್ರಗಳ ಸಾಲಿನ ಬುಡದಲ್ಲಿ ಕರೇಕಲ್ಲು ಟ್ರ್ಯಾಕ್ ಆದಾಗ, ತನಗಾಗಿಯೇ ಅದನ್ನು ಮಾಡಿದ್ದಾರೆ ಎನ್ನುವಂತೆ ಕುಣಿದಿದ್ದ. ಮುಕ್ತ ವಿನ್ಯಾಸ ಎಂಬ ಮಾತು ಅವನಿಗೆ ಮಂತ್ರವಿದ್ದ ಹಾಗೆ. ಮೊದಲ ಕಾರಿನ ತಳವನ್ನು ಅವನು ಕಟ್ಟಿದ ಬಗೆ ನೋಡಿ ನಾನೇ ಬೆರಗಾಗಿದ್ದೆ. ಗಾಳಿ ಆ ತಳದಡಿ ಹರಿದು ಕಾರನ್ನು ನೆಲಕ್ಕೆ ಅಂಟಿಸಿಬಿಡುತ್ತಿತ್ತು. ಆದರೆ ಅವನು ಒಂದು ಸೆಕೆಂಡು ಹುಡುಕಿಕೊಂಡು ಬಂದರೆ ತಕ್ಕಡಿ ಒಂದು ಸೆಕೆಂಡು ಕಿತ್ತುಕೊಳ್ಳುತ್ತಿತ್ತು. ಡಬ್ಬದಂಥ ಕಾರು ತಂದವನೂ ಇವನೂ ಸಮ. ಎರಡು ವರ್ಷ ಹಾಗೆ ಸೋತು, ಊಟ ಬಿಟ್ಟು ಕೂರುತ್ತಿದ್ದ ಮಗನನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

ವೇಣಿ ಹಿರಿಯೂರಿನ ಲಾರಿ ಬಾಡಿ ಕಟ್ಟುವವರ ಮನೆಯ ಹುಡುಗಿ. ಅವನ ಕಾರು ಓಡಿಸಲು ಬಂದವಳು, ಅವನನ್ನೇ ಮದುವೆಯಾದಳು. ಮಾತು ಕಡಿಮೆ. ಬಂದ ಹೊಸತರಲ್ಲಿ ನನಗೆ ಅವಳ ಮೇಲೂ ಅನುಮಾನವಿತ್ತು, ಮುಚ್ಚಿಡುವುದೇನು. ಕಾರಿಗಾಗಿ ಮದುವೆಯಾದಳೋ, ಮಗನಿಗಾಗಿಯೋ ಎಂದು. ಒಂದು ದಿನ ನನಗೆ ಜ್ವರ ಬಂದಾಗ ತನ್ನ ಪಂದ್ಯವನ್ನೇ ಬಿಟ್ಟು ಗಂಜಿ ಕಾಯಿಸುತ್ತ ಕೂತಳು. ಆ ಅನುಮಾನವನ್ನು ಅಂದೇ ಕೈಬಿಟ್ಟೆ.

ಈಗ ಶನಿವಾರದ ವಾಂತಿ ನನ್ನನ್ನು ಕೊರೆಯತೊಡಗಿತು. ಮುಂದಿನ ರೇಸಿನ ಶನಿವಾರ ಬುತ್ತಿ ಕಟ್ಟಿಕೊಂಡು ನಾನೂ ಟ್ರ್ಯಾಕಿಗೆ ಹೋದೆ. ತಂಡದ ಡೇರೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ತೆರೆಗಳ ಮುಂದೆ ಕೂತೆ. ಒಂದು ತೆರೆಯ ಮೇಲೆ ಕಾರಿನ ವೇಗ, ಒಂದರ ಮೇಲೆ ತಕ್ಕಡಿ ಕೊಡುವ ಶಕ್ತಿಯ ಅಂಕಿ, ಇನ್ನೊಂದರ ಮೇಲೆ ವೇಣಿಯ ಎದೆಬಡಿತದ ಹಸಿರು ಗೆರೆ. ಎಂಜಿನ್ ಚಾಲೂ ಆಗುವ ಮೊದಲೇ ಆ ಗೆರೆ ಎದ್ದೆದ್ದು ಕುಣಿಯುತ್ತಿತ್ತು. ಕಾರು ಹೊರಟಿತು. ತಿರುವುಗಳಲ್ಲಿ ಅವಳು ಮುಂಚೆಯೇ ಬ್ರೇಕ್ ಒತ್ತುತ್ತಿದ್ದಳು. ವೇಗ ಕಡಿಮೆ, ಎದೆಬಡಿತ ಮುಗಿಲು ಮುಟ್ಟಿದೆ. ತಕ್ಕಡಿಗೆ ಅಯ್ಯೋ ಪಾಪ ಎನಿಸಿರಬೇಕು, ಶಕ್ತಿಯ ಅಂಕಿ ಸುತ್ತಿನಿಂದ ಸುತ್ತಿಗೆ ಏರುತ್ತ ಹೋಯಿತು. ನಾನು ಮಗನ ಮುಖ ನೋಡಿದೆ. ಅವನು ಆರಾಮಾಗಿ ಬೆರಳ ನೆಟಿಗೆ ಮುರಿಯುತ್ತಿದ್ದ. ಹೆಂಡತಿಯ ಎದೆ ಹಾಗೆ ಹೊಡೆದುಕೊಳ್ಳುವಾಗ ನೆಟಿಗೆ ಮುರಿಯುವ ಗಂಡ ಎಂಥವನು ಎಂದು ನನಗೆ ಮೈ ಜುಮ್ಮೆಂದಿತು. ಮಾರನೆಯ ದಿನ ವೇಣಿ ಹುಲಿಯ ಹಾಗೆ ಓಡಿಸಿ ಗೆದ್ದಳು.

ಅದರ ಮುಂದಿನ ರೇಸಿನ ಶನಿವಾರ ಬೆಳಿಗ್ಗೆ ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕದ್ದು ಕೇಳಿದೆ. ಸ್ವಂತ ಮನೆಯಲ್ಲಿ ಕೇಳುವುದಕ್ಕೆ ಕದಿಯುವುದೇಕೆ ಎಂದು ನೀವು ಕೇಳಬಹುದು, ಅವರು ಅಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ಕಾರ್ಬನ್ ದಂಡವಿರುತ್ತದೆ, ಅದಕ್ಕೆ ಆರ್ಮ್ ಎನ್ನುತ್ತಾರೆ. ಹಿಂದಿನ ಎಡಗಡೆಯ ಆರ್ಮಿನಲ್ಲಿ ಕೂದಲೆಳೆ ಬಿರುಕು ಕಾಣುತ್ತಿದೆ ಎಂದು ತಿಪ್ಪೇಶ ಹೆಂಡತಿಗೆ ಹೇಳುತ್ತಿದ್ದ. ಹೊಸದು ರಾತ್ರಿ ಬರುತ್ತದೆ, ನಾಳೆಗೆ ಹಾಕಿಬಿಡುತ್ತೇನೆ, ಇವತ್ತು ಒಂದು ದಿನ ಇದರಲ್ಲೇ ಸುಧಾರಿಸು, ಉದ್ದನೆಯ ತಿರುವಿನಲ್ಲಿ ಮಾತ್ರ ಜೋಪಾನ ಎಂದ. ಅವಳು ಹೂಂ ಎಂದಳು. ಸ್ವಲ್ಪ ಹೊತ್ತಿಗೆ ಬಚ್ಚಲಮನೆಯಿಂದ ಅದೇ ಸದ್ದು.

ನಾನು ಹಿತ್ತಲ ಬಾಗಿಲಿನಿಂದ ನೇರ ಮಿಲ್ಲಿಗೆ ಹೋದೆ. ಕಾರು ಇನ್ನೂ ಲಾರಿ ಹತ್ತಿರಲಿಲ್ಲ. ಎಡಗಡೆಯ ಆರ್ಮಿನ ಮೇಲೆ ಬಿರುಕು ಕಣ್ಣಿಗೆ ಕಾಣುವಂತೆಯೇ ಇತ್ತು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬಡಿದು ನೋಡುತ್ತಾರಲ್ಲ, ಕಾರ್ಬನ್ ಭಾಗಗಳನ್ನೂ ಹಾಗೆಯೇ ನಾಣ್ಯದಿಂದ ಬಡಿದು ನೋಡುವುದುಂಟು. ಒಳಗೆ ಪದರ ಬಿಟ್ಟಿದ್ದರೆ ಬೊದ್ ಎಂದು ಮಂಕು ಸದ್ದು ಬರುತ್ತದೆ. ಸೆರಗಿನ ಗಂಟಿನಿಂದ ನಾಣ್ಯ ತೆಗೆದು ಉದ್ದಕ್ಕೂ ಬಡಿದೆ. ಟಣ್ ಟಣ್ ಎಂದಿತು, ಸುಟ್ಟ ಮಡಕೆಯ ಹಾಗೆ. ಬೆರಳು ಒದ್ದೆ ಮಾಡಿಕೊಂಡು ಬಿರುಕಿನ ಮೇಲೆ ಉಜ್ಜಿದೆ. ಬಿರುಕು ಬೆರಳಿಗೆ ಬಂತು.

ಆ ಮಾತನ್ನು ಅವನ ಮುಂದೆ ಎತ್ತಲು ನಾನು ಸೋಮವಾರದವರೆಗೆ ಕಾದೆ. ಭಾನುವಾರ ಅವರು ಮತ್ತೆ ಗೆದ್ದು ಬಂದಿದ್ದರು. ವೇಣಿ ತವರಿಗೆ ಹೋಗಿದ್ದಳು. ಮಿಲ್ಲಿನಲ್ಲಿ ತಿಪ್ಪೇಶ ಒಬ್ಬನೇ ಕಾರಿನ ತಳ ಒರೆಸುತ್ತಿದ್ದ. ಬಿರುಕು ಬರೆಯಲು ಯಾವ ಪೆನ್ಸಿಲ್ ಬಳಸುತ್ತೀಯಪ್ಪಾ ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ಅವನ ಕೈ ಜೇಬಿಗೆ ಹೋಯಿತು.

"ನಾನು ಕಾರಿಗೆ ಏನೂ ಮಾಡಿಲ್ಲಮ್ಮ," ಎಂದ.

"ಕಾರಿಗೆ ಮಾಡಿಲ್ಲ ಅಂತ ನನಗೂ ಗೊತ್ತು. ಹೆಂಡತಿಗೆ ಮಾಡಿದೀಯ."

ಆಮೇಲೆ ಎಲ್ಲವೂ ಹೊರಗೆ ಬಂತು. ಸೋತು ಸೋತು ಬೇಸತ್ತ ಕಾಲದಲ್ಲಿ ಒಂದು ಶನಿವಾರ ನಿಜವಾಗಿಯೇ ಬ್ರೇಕ್ ಕೈಕೊಟ್ಟು ವೇಣಿ ಹೆದರಿದ್ದಳಂತೆ. ಅಂದು ತಕ್ಕಡಿ ಕೊಟ್ಟ ಶಕ್ತಿ ನೋಡಿ ಇವನ ತಲೆಯಲ್ಲಿ ದೀಪ ಹತ್ತಿತು. ಪೆಟ್ಟಿಗೆ ಅಳೆಯುತ್ತಿರುವುದು ಪ್ರಯತ್ನವನ್ನಲ್ಲ, ಭಯವನ್ನು. ಅಲ್ಲಿಂದ ಮುಂದೆ ಪ್ರತಿ ಶನಿವಾರಕ್ಕೊಂದು ಸುಳ್ಳು ಬಿರುಕು, ಭಾನುವಾರಕ್ಕೊಂದು ಸುಳ್ಳು ರಿಪೇರಿ. ಕಾರು ಮಾತ್ರ ಗಟ್ಟಿಯಾಗಿದೆ, ಪ್ರತಿಯೊಂದು ಬೋಲ್ಟನ್ನೂ ನಾನೇ ನೋಡುತ್ತೇನೆ, ಅವಳ ಕೂದಲೂ ಕೊಂಕುವುದಿಲ್ಲ ಎಂದು ಆಣೆ ಮಾಡಿದ.

"ಏನು ಬೇಕಾದ್ರೂ ಕಟ್ಟಿ, ನೀವು ಫ್ರೀ ಅಂದ್ರು," ಎಂದ. "ನಾನು ಏನು ಕಟ್ಟಿದ್ರೂ ಆ ಪೆಟ್ಟಿಗೆ ಸಮ ಮಾಡಿಬಿಡುತ್ತೆ. ಅದಕ್ಕೆ ಸಮ ಮಾಡಕ್ಕಾಗದೇ ಇರೋದು ಒಂದೇ ಉಳಿದಿತ್ತು."

"ಆ ಒಂದಕ್ಕೆ ಹೆಸರಿದೆಯಪ್ಪ. ನೀನೇ ತಾಳಿ ಕಟ್ಟಿದೀಯ."

ಅವನು ತಲೆ ತಗ್ಗಿಸಿದ. ಕೊನೆಯ ರೇಸೊಂದು ಉಳಿದಿದೆ, ಅದನ್ನು ಗೆದ್ದರೆ ಸರಣಿಯೇ ನಮ್ಮದು, ದೊಡ್ಡ ತಯಾರಕರು ಈ ತಳದ ವಿನ್ಯಾಸ ನೋಡಲು ಬರುತ್ತಾರೆ, ಆಮೇಲೆ ನಾನೇ ಅವಳ ಕಾಲು ಹಿಡಿದು ಎಲ್ಲ ಹೇಳುತ್ತೇನೆ ಎಂದು ಬೇಡಿಕೊಂಡ. ನೀನು ಈಗ ಹೇಳಿದರೆ ಎಲ್ಲ ಮುಗಿಯಿತು, ಗೊತ್ತಾದ ಮೇಲೆ ಅವಳು ಹೆದರುವುದಿಲ್ಲ ಎಂದ. ಅವನ ಮಾತು ನಿಜವೇ ಆಗಿತ್ತು, ನನ್ನ ಸಂಕಟವೂ ಅದೇ ಆಗಿತ್ತು. ಹೇಳಿದರೆ ಮಗ ಜೀವ ತೇದು ಕಟ್ಟಿದ್ದು ನೀರಲ್ಲಿ ಹೋಮ. ಹೇಳದಿದ್ದರೆ ಸೊಸೆ ಇನ್ನೊಂದು ಶನಿವಾರ ಸಾಯುವ ಭಯ ಹೊತ್ತು ಆ ಕಾರು ಹತ್ತಬೇಕು.

ಅದೇ ವಾರ ಡಿಮೆಲ್ಲೊ ಬಂದರು. ಸರಣಿಯ ಪರಿಶೀಲಕರು, ಮಂಗಳೂರಿನವರು, ನರೆತ ಗಡ್ಡ, ಸದಾ ಕೈಯಲ್ಲೊಂದು ಟಾರ್ಚು. ಮುಕ್ತ ವಿನ್ಯಾಸದಲ್ಲಿ ಪರಿಶೀಲಕನಿಗೆ ಕೆಲಸವೇನು ಎಂದು ಎಲ್ಲರೂ ಅವರನ್ನು ಗೇಲಿ ಮಾಡುತ್ತಿದ್ದರು. ಮೊಹರು ನೋಡುವುದು, ಟ್ರ್ಯಾಕಿನಲ್ಲಿ ಕಾರು ನಿಂತರೆ ಹೋಗಿ ಕಾರಣ ಬರೆದುಕೊಳ್ಳುವುದು, ಇಷ್ಟೇ. ಮಿಲ್ಲಿನಲ್ಲಿ ಕಾರನ್ನು ಬಿಡಿಬಿಡಿಯಾಗಿ ಬಿಚ್ಚಿಸಿ, ತಕ್ಕಡಿಯ ಮೊಹರು ನೋಡಿ, ಎದೆಪಟ್ಟಿಯನ್ನು ತಮ್ಮ ಎದೆಗೇ ಕಟ್ಟಿಕೊಂಡು ಪರೀಕ್ಷಿಸಿ, ಬರಿಗೈಯಲ್ಲಿ ನಮ್ಮ ಮನೆಯ ಜಗಲಿಗೆ ಬಂದು ಕಾಫಿ ಕೇಳಿದರು.

"ಕಾರಿನಲ್ಲಿ ಏನೂ ಇಲ್ಲ ಮೇಡಂ," ಎಂದರು. "ಏನೂ ಇಲ್ಲದ್ದೇ ನನಗೆ ಡೌಟ್."

ನನ್ನ ಜಾತಿಯ ಮನುಷ್ಯ ಎನಿಸಿತು. ಸುತ್ತಿ ಬಳಸಿ ಕೇಳಿದೆ. ಒಬ್ಬ ತಂಡದವನು ತನ್ನ ಚಾಲಕನಿಗೆ ಸುಳ್ಳು ಹೇಳಿ ಹೆದರಿಸಿದ ಎನ್ನಿ, ಅದಕ್ಕೆ ಶಿಕ್ಷೆ ಏನು? ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಅರ್ಥವಾಯಿತು ಎಂದು ಅವರ ಕಣ್ಣೇ ಹೇಳಿತು.

"ಹಳೇ ಪುಸ್ತಕದಲ್ಲಿ ರೆಕ್ಕೆಗೆ ನಿಯಮ ಇತ್ತು, ಟಯರಿಗೆ ಇತ್ತು. ಮನೆಯೊಳಗೆ ಸುಳ್ಳು ಹೇಳಬಾರದು ಅಂತ ಆಗಲೂ ಇರಲಿಲ್ಲ, ಈಗಲೂ ಇಲ್ಲ," ಎಂದರು. "ಅದನ್ನು ನಾನು ಬರೆದರೆ ಓಟಕ್ಕೆ ಒಂದು ತಂಡವೂ ಉಳಿಯುವುದಿಲ್ಲ ಮಾರಾಯ್ರೆ."

ಅವರು ನಕ್ಕರು, ನನಗೆ ನಗು ಬರಲಿಲ್ಲ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ನನ್ನ ಕೈಯಲ್ಲಿ ಆಗದ್ದು ನಿಮ್ಮ ಕೈಯಲ್ಲಿ ಆಗಬಹುದು ಎಂದಷ್ಟೇ ಹೇಳಿದರು. ಅವರು ಹೋದ ಮೇಲೆ ನಾನು ಲೋಟ ಎತ್ತಿಕೊಂಡು ಒಳಗೆ ಬಂದೆ. ತವರಿನಿಂದ ಬಂದ ವೇಣಿ ಅಡುಗೆಮನೆಯಲ್ಲಿ ಹುರಿದ ಶೇಂಗಾದ ಸಿಪ್ಪೆ ಉಜ್ಜುತ್ತಿದ್ದಳು. ಅವಳ ಮಣಿಕಟ್ಟು ಎಷ್ಟು ತೆಳ್ಳಗಾಗಿದೆ ಎಂದು ಅಂದು ಕಣ್ಣಿಗೆ ಬಿತ್ತು. ಲೋಟ ಇಟ್ಟು, ಎದುರಿಗೆ ಕೂತು, ಒಂದನ್ನೂ ಬಿಡದೆ ಹೇಳಿಬಿಟ್ಟೆ.

ಅವಳು ಅಳಬಹುದು, ರೇಗಬಹುದು ಎಂದುಕೊಂಡಿದ್ದೆ. ಅವಳು ಮೊರ ಕೇರುತ್ತಲೇ ಇದ್ದಳು.

"ಬಿರುಕು ಸುಳ್ಳು ಅಂತ ನನಗೆ ಗೊತ್ತಿತ್ತು ಅತ್ತೆ," ಎಂದಳು. "ಎರಡನೇ ಸಲಕ್ಕೇ ಗೊತ್ತಾಯ್ತು. ಲಾರಿ ಬಾಡಿ ಕಟ್ಟೋರ ಮನೇಲಿ ಹುಟ್ಟಿದೋಳು ನಾನು, ಬಡಿದು ನೋಡದೆ ಹತ್ತುತೀನಾ?"

ಹಾಗಾದರೆ ವಾಂತಿ ಯಾಕೆ, ಆ ಹಸಿರು ಗೆರೆ ಹಾಗೆ ಕುಣಿಯುವುದು ಯಾಕೆ ಎಂದು ಕೇಳಿದೆ. ಮೈ ಸುಳ್ಳು ಹೇಳುವುದಿಲ್ಲ ತಾನೆ.

"ಕಾರಿಗೆ ಹೆದರ್ತಿರಲಿಲ್ಲ ಅತ್ತೆ. ಅವರಿಗೆ ಹೆದರ್ತಿದ್ದೆ." ಅವಳ ಕೈ ಆಗ ನಿಂತಿತು. "ನನ್ನ ಕೈ ಹಿಡ್ಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಹೇಳ್ತಾರಲ್ಲ. ಆ ಮುಖದಲ್ಲಿ ಏನೂ ಕಾಣಲ್ಲ. ಇವರು ಇನ್ನೇನೇನು ಹೀಗೆ ಹೇಳಿರಬಹುದು ಅನ್ನಿಸುತ್ತೆ. ಭಾನುವಾರ ಹಿಂದೆ ಮುಂದೆ ಕಾರುಗಳಿರ್ತವೆ, ಯೋಚನೆ ಮಾಡಕ್ಕೆ ಪುರುಸೊತ್ತಿಲ್ಲ. ಶನಿವಾರ ಆ ಬಯಲಲ್ಲಿ ನಾನೊಬ್ಬಳೇ. ಒಂದಿನ ನಿಜವಾಗ್ಲೂ ಬಿರುಕು ಬಿಟ್ಟು, ಅದನ್ನ ಇವರು ಸರಿಯಿದೆ ಅಂದರೆ? ಅದೊಂದೇ ತಲೇಲಿ ಸುತ್ತುತ್ತೆ."

ಅವನನ್ನೇ ಯಾಕೆ ಕೇಳಲಿಲ್ಲ ಎಂದೆ. ತಾವೇ ಹೇಳುತ್ತಾರೆ ಎಂದು ಕಾದೆ ಎಂದಳು. ಆಗ ಅವಳ ಕಣ್ಣು ತುಂಬಿತು, ನನ್ನದೂ. ಅವಳು ಒಂದನ್ನು ಮಾತ್ರ ಕೇಳಿದಳು. ಕೊನೆಯ ರೇಸಿಗೆ ಮುಂಚೆ ಕಾರನ್ನು ನೀವು ನೋಡಿ ಹೇಳಿ, ನಿಮ್ಮ ಮಾತಾದರೆ ನಂಬಿ ಹತ್ತುತ್ತೇನೆ ಎಂದಳು. ಒಪ್ಪಿದೆ. ಇದರಿಂದ ಮಗ ಸೋಲುತ್ತಾನೆ ಎಂದು ತಿಳಿದೇ ಒಪ್ಪಿದೆ.

ಕೊನೆಯ ಶನಿವಾರ ತಿಪ್ಪೇಶ ಸಣ್ಣ ಸುಳ್ಳಿಗೆ ಹೋಗಲಿಲ್ಲ. ಸ್ಟೀರಿಂಗ್ ಒಳಗಿನ ಹಲ್ಲು ಸವೆದಿದೆ, ಇವತ್ತು ಹೇಗೋ ದಾಟಿಸು ಎಂದು ಹೇಳಿದ್ದನಂತೆ. ಅಷ್ಟರಲ್ಲಿ ನಾನು ಕಾರನ್ನು ಮೂತಿಯಿಂದ ಬಾಲದವರೆಗೆ ನಾಣ್ಯದಿಂದ ಬಡಿದು, ಸ್ಟೀರಿಂಗ್ ತಿರುಗಿಸಿ ನೋಡಿ ಮುಗಿಸಿದ್ದೆ. ಅವಳು ಹೆಲ್ಮೆಟ್ ಹಾಕಿಕೊಳ್ಳುವಾಗ ಹತ್ತಿರ ಹೋಗಿ ಗಟ್ಟಿಯಾಗಿದೆ, ಹೋಗಿ ಬಾ ಎಂದೆ. ಅಂದು ಅವಳು ವಾಂತಿ ಮಾಡಿರಲಿಲ್ಲ.

ಡೇರೆಯಲ್ಲಿ ತೆರೆಯ ಮುಂದೆ ತಿಪ್ಪೇಶ ಕೂತ, ಪಕ್ಕದಲ್ಲಿ ನಾನು. ಕಾರು ಹೊರಟಿತು. ಹಸಿರು ಗೆರೆ ಮಧ್ಯಾಹ್ನದ ಕೆರೆಯ ನೀರಿನ ಹಾಗೆ ಸುಮ್ಮನಿತ್ತು. ಅವಳು ಉದ್ದನೆಯ ತಿರುವನ್ನು ಬ್ರೇಕ್ ಮುಟ್ಟದೆ ದಾಟಿದಳು. ಕಾರು ತನ್ನ ನಿಜವಾದ ವೇಗವನ್ನು ಆ ವರ್ಷ ಮೊದಲ ಸಲ ಶನಿವಾರ ತೋರಿಸಿತು, ತಕ್ಕಡಿ ಸುತ್ತಿನಿಂದ ಸುತ್ತಿಗೆ ಶಕ್ತಿಯನ್ನು ಕತ್ತರಿಸುತ್ತ ಹೋಯಿತು. ತಿಪ್ಪೇಶ ಎದೆಪಟ್ಟಿ ಕೆಟ್ಟಿದೆ ಎಂದು ತೆರೆಯ ವೈರು ಎಳೆದಾಡಿದ.

"ಪಟ್ಟಿ ಕೆಟ್ಟಿಲ್ಲ ತಿಪ್ಪೇಶ," ಎಂದೆ. "ಅವಳಿಗೆ ಮೊದಲಿಂದಲೂ ಎಲ್ಲಾ ಗೊತ್ತು."

ಅವನು ನನ್ನ ಕಡೆ ತಿರುಗಲಿಲ್ಲ. ಆ ಗೆರೆಯನ್ನೇ ನೋಡುತ್ತಿದ್ದ. ಗೊತ್ತಿದ್ದೂ ಯಾಕೆ ಹೆದರುತ್ತಿದ್ದಳು ಎಂದು ಮೆಲ್ಲಗೆ ಕೇಳಿದ. ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವನು ದಡ್ಡನಲ್ಲ. ಅವನ ಮುಖ ಬೂದಿಯಾಯಿತು.

ಆಗಲೇ ಇನ್ನೊಂದು ತೆರೆಯಲ್ಲಿ ಒಂದು ಅಂಕಿ ಕೆಂಪಾಯಿತು. ಹಿಂದಿನ ಎಡಚಕ್ರದ ಆರ್ಮನ್ನು ಕಾರಿನ ಮೈಗೆ ಸೇರಿಸುವ ಉಕ್ಕಿನ ಪಿನ್ನಿನ ಮೇಲೆ ಎಳೆತ ಎಷ್ಟಿದೆ ಎಂದು ತೋರಿಸುವ ಅಂಕಿಯದು. ತಿಪ್ಪೇಶ ಹಾರಿ ಎದ್ದು ತಲೆಯ ಮೇಲಿನ ಹೆಡ್‌ಫೋನಿನ ಮೈಕ್ ಹಿಡಿದ. ವೇಣಿ, ನಿಲ್ಲಿಸು, ಎಡಗಡೆ ಪಿನ್ನು ಹೋಗ್ತಿದೆ ಎಂದು ಕೂಗಿದ. ಡೇರೆಯ ಸ್ಪೀಕರಿನಲ್ಲಿ ಅವಳ ಸಣ್ಣ ನಗು ಕೇಳಿಸಿತು.

"ಇನ್ನೂ ಎರಡು ಸುತ್ತಿದೆ. ಮುಗಿಸಿ ಬರ್ತೀನಿ," ಎಂದಳು. ವೇಗ ಒಂದಿಷ್ಟೂ ಇಳಿಯಲಿಲ್ಲ.

ಅವನು ಮತ್ತೆ ಮತ್ತೆ ಹೇಳಿದ. ದೇವರಾಣೆ, ನಿನ್ನಾಣೆ ಎಂದ. ಅವಳು ಉತ್ತರ ಕೊಡುವುದನ್ನೇ ಬಿಟ್ಟಳು. ಕಡೆಗೆ ಅವನು ಹೆಡ್‌ಫೋನನ್ನು ಕಿತ್ತು ನನ್ನ ತಲೆಗೆ ಹಾಕಿದ. ನೀನು ಹೇಳಮ್ಮ, ನಿನ್ನ ಮಾತು ಕೇಳುತ್ತಾಳೆ ಎಂದ. ನಾನು 'ವೇಣಿ' ಎಂದು ಕರೆದೆ, ಅಷ್ಟೇ.

"ಅತ್ತೆ, ನೀವೇ ನೋಡಿದ್ರಾ? ಅವರು ಹೇಳಿದ್ದಾ?"

ನಾನು ನೋಡಿರಲಿಲ್ಲ. ನಾಣ್ಯದ ಬಡಿತಕ್ಕೆ ಕಾರ್ಬನ್ ದಂಡ ಬಾಯಿ ಬಿಡುತ್ತದೆಯೇ ಹೊರತು ಒಳಗಿರುವ ಉಕ್ಕಿನ ಪಿನ್ನು ಬಿಡುವುದಿಲ್ಲ. ಭೌತಶಾಸ್ತ್ರ ಕಲಿಸಿದ ನಾನು ಅದನ್ನು ಮರೆತು ಗಟ್ಟಿಯಾಗಿದೆ ಎಂದುಬಿಟ್ಟಿದ್ದೆ. ಎದುರಿಗಿದ್ದ ಕೆಂಪು ಅಂಕಿ ತಿಪ್ಪೇಶನ ಕಂಪ್ಯೂಟರಿನದು, ಅವನೇ ಬರೆದ ಪ್ರೋಗ್ರಾಮಿನದು. ಬಿರುಕು ಬರೆಯಬಲ್ಲವನು ಅಂಕಿ ಬರೆಯಲಾರನೇ? ಅವಳು ಹೆದರಿದರೆ ಈಗಲೂ ತಕ್ಕಡಿ ಶಕ್ತಿ ಕೊಡುತ್ತದೆ, ಇನ್ನೂ ಎರಡು ಸುತ್ತಿದೆ. ಮಗ ಅಳುತ್ತಿದ್ದ. ಆ ಅಳುವಿನ ಮೇಲೂ ನನಗೆ ಅನುಮಾನ ಬಂತು. ನಾನು ಹೆತ್ತ ಮಗನ ಕಣ್ಣೀರನ್ನು ನಾನು ನಂಬಲಾರದೆ ಹೋದೆ. ಹೌದು, ನಾನೇ ನೋಡಿದೆ ಎಂದು ಒಂದು ಸುಳ್ಳು ಹೇಳಿದರೆ ಅವಳು ನಿಲ್ಲಿಸುತ್ತಿದ್ದಳು. ಆದರೆ ಅವಳ ಪಾಲಿಗೆ ನಂಬಲು ಉಳಿದಿದ್ದ ಒಂದೇ ಬಾಯಿ ನನ್ನದಾಗಿತ್ತು.

"ನಾನು ನೋಡಿಲ್ಲ ಕಣಮ್ಮ," ಎಂದೆ. "ಅವನು ಹೇಳ್ತಿದಾನೆ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಪಿನ್ನನ್ನ ನಾನು ಬೆಳಿಗ್ಗೆ ನೋಡಿರಲಿಲ್ಲ, ಅದು ನನ್ನ ತಪ್ಪು."

ಉದ್ದನೆಯ ತಿರುವು ಎದುರಿಗೆ ಬರುತ್ತಿತ್ತು.

"ಗೊತ್ತಿಲ್ಲ ಅಂದ್ರಲ್ಲ, ಅಷ್ಟು ಸಾಕು ಅತ್ತೆ," ಎಂದಳು. ವೇಗದ ಅಂಕಿ ಇಳಿಯತೊಡಗಿತು.

ಕಾರು ತಿರುವಿಗೆ ಮುಂಚೆಯೇ ಟ್ರ್ಯಾಕ್ ಬಿಟ್ಟು ಹುಲ್ಲಿಗೆ ಇಳಿಯಿತು. ನಡೆಯುವ ಮನುಷ್ಯನ ವೇಗಕ್ಕೆ ಬಂದಿತ್ತು. ಆಗ ಎಡಗಡೆಯ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಕಳಚಿ ಬಿತ್ತು,  ಕಾರು ಒಂದು ಬದಿಗೆ ಕುಸಿದು ನಿಂತಿತು. ಅವಳು ಬೆಲ್ಟು ಬಿಚ್ಚಿ, ಹೆಲ್ಮೆಟ್ ತೆಗೆಯದೆಯೇ ಹೊರಗೆ ಬಂದು ಹುಲ್ಲಿನ ಮೇಲೆ ಕೂತದ್ದು ಟ್ರ್ಯಾಕ್ ತೋರಿಸುವ ತೆರೆಯಲ್ಲಿ ಕಂಡಿತು.

ನಾನು ನಿಜ ಹೇಳಿದ್ದೆ ಅಮ್ಮ, ನಿಜಾನೇ ಹೇಳಿದ್ದೆ ಎಂದು ತಿಪ್ಪೇಶ ಮಗುವಿನ ಹಾಗೆ ಹೇಳುತ್ತಿದ್ದ. ಹೌದಪ್ಪ, ಹೇಳಿದ್ದೆ ಎಂದೆ. ಅವನು ಓಡಲು ಎದ್ದ. ಅಷ್ಟರಲ್ಲಿ ವೇಣಿಯ ದನಿ ಬಂತು. ಅತ್ತೆ, ಅವರನ್ನು ಕಳಿಸಬೇಡಿ, ಡಿಮೆಲ್ಲೊ ಅವರು ಬರಲಿ ಎಂದಳು. ಹೆಡ್‌ಫೋನ್ ನನ್ನ ತಲೆಯ ಮೇಲಿತ್ತು, ಆದರೆ ಡೇರೆಯ ಸ್ಪೀಕರಿನಲ್ಲಿ ಅವನಿಗೂ ಕೇಳಿಸಿತು. ಅವನು ಡೇರೆಯ ಬಾಗಿಲಲ್ಲೇ ನಿಂತುಬಿಟ್ಟ.

ಡಿಮೆಲ್ಲೊ ಟಾರ್ಚು ಹಿಡಿದುಕೊಂಡು ಹುಲ್ಲಿನಲ್ಲಿ ನಡೆದು ಹೋದರು. ಮಂಡಿಯೂರಿ, ಮುರಿದ ಪಿನ್ನನ್ನು ಬೆರಳಿನಿಂದ ತಡವಿ ನೋಡಿದರು. ಕಳಚಿದ ಚಕ್ರ ವೇಣಿಯ ಕಾಲ ಬಳಿಯೇ ಬಿದ್ದಿತ್ತು. ಆದರೂ ಅವಳು ಅವರನ್ನು ಕೇಳಿದಳು.

"ಸರ್, ಇದು ನಿಜವಾಗ್ಲೂ ಮುರಿದಿದೆಯಾ?"